ಹಾಲೆಂಡಿನ ಮುಯ್ಯಾಳು

ಬಬಲೇಶ್ವರ

ನಾನು ತಿರುಗಿ ಬರುತ್ತೇನೆಂದು ಸರಕಾರಕ್ಕೆ ಮೊದಲು ಮಾತು ಕೊಟ್ಟವಳು ನಮ್ಮವ್ವ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದವನು ಎಂಥವನೆಂದು ವಿಚಾರಿಸಲು ಪೊಲೀಸ್ ಫೌಜದಾರರು ನಮ್ಮೂರಿಗೆ ಬಂದ ದಿನ ನಾನು ವಿಜಾಪುರದ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದೆ. ಆದ್ದರಿಂದ ಅಲ್ಲಿ ನಡೆದ ಮಾತುಕತೆ ನನಗೆ ಎರಡು ಬಗೆಯಾಗಿ ತಲುಪಿತು: ಅವ್ವ ಹೇಳಿದ್ದು ಒಂದು, ಫೌಜದಾರರು ಹೇಳಿದ್ದು ಇನ್ನೊಂದು. ಎರಡನ್ನೂ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಇಲ್ಲಿ ಅವ್ವನದನ್ನು ಕೊಡುತ್ತೇನೆ. ಅದೇ ಸರಿ ಎಂದು ಆಣೆ ಮಾಡಲಾರೆ; ಕೇಳಲು ಚೆನ್ನಾಗಿದೆ, ಅಷ್ಟೆ.

“ಮಗ ಎಲ್ಲಿಗಿ ಹೊಂಟಾನಬೇ ಯವ್ವಾ?”

“ಹಾಲೆಂಡಕ್ಕಂತ್ರಿ.”

“ಯಾಕಂತ?”

“ಓದಾಕ.”

“ಎಂ.ಎ. ಮಾಡ್ಯಾನ, ಮಾಸ್ತರ ಆಗ್ಯಾನ. ಇನ್ನೇನ ಓದ್ತಾನ?”

“ಆದಿಲಶಾಹಿ ಕಾಲದಾಗ ಆ ದೇಶದ ವ್ಯಾಪಾರಸ್ಥರು ನಮ್ಮ ವಿಜಾಪುರಕ್ಕ ಬಂದಿದ್ರಂತ್ರಿ. ಇಲ್ಲಿ ಕಂಡದ್ದೆಲ್ಲಾ ಬರದು ತಮ್ಮ ಊರಿಗಿ ಕಳಿಸ್ಯಾರಂತ. ಅದನ್ನ ಓದಾಕ.”

“ಅಂದ್ರ, ವಿಜಾಪುರದ ಸುದ್ದಿ ತಿಳಕೊಳ್ಳಾಕ ವಿಜಾಪುರ ಬಿಟ್ಟು ಹೊಂಟಾನ?”

“ನಾನೂ ಇದನ್ನ ಕೇಳೀನ್ರಿ. ನೀವೊಮ್ಮಿ ಕೇಳಿ ನೋಡ್ರಿ, ನಿಮಗರ ಹೇಳ್ತಾನೇನೋ.”

ಫೌಜದಾರರು ಮಜ್ಜಿಗೆ ಕುಡಿದು ಮುಖ್ಯ ಪ್ರಶ್ನೆಗೆ ಬಂದರಂತೆ. “ತಿರುಗಿ ಬರ್ತಾನ?”

“ಬರದ ಏನ ಮಾಡ್ತಾನ್ರಿ? ಸುಗ್ಗಿ ಐತಿ. ಜೋಳ ಕೀಳಾಕ ಆಳ ಬೇಕಲ್ಲ. ಟಿಕೋಟಿಯಿಂದ ನಮ್ಮಣ್ಣ ಮುಯ್ಯಿಗೆ ಬರ್ತಾನ, ಅವನ ಹೊಲಕ್ಕ ತಿರುಗಿ ನಮ್ಮ ಮನ್ಯಾಗಿಂದ ಯಾರರ ಹೋಗಬೇಕಲ್ಲ? ಇವನ ಹೋಗಬೇಕು.”

ನಮ್ಮ ಕಡೆಯ ಓದುಗರಿಗೆ ಮುಯ್ಯಿ ಎಂದರೇನೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಇಂದು ನೀನು ನನ್ನ ಹೊಲದಲ್ಲಿ ಒಂದು ದಿನ ದುಡಿದರೆ, ನಾಳೆ ನಾನು ನಿನ್ನ ಹೊಲದಲ್ಲಿ ಒಂದು ದಿನ ದುಡಿಯಬೇಕು. ನಡುವೆ ದುಡ್ಡಿಲ್ಲ, ಕಾಳಿಲ್ಲ. ಹಾಗೆ ದುಡಿಯಲು ಬರುವವನು ಮುಯ್ಯಾಳು. ದಿನಕ್ಕೆ ದಿನ. ಮುಯ್ಯಿ ಉಳಿಸಿಕೊಂಡವನನ್ನು ಊರು ಮರೆಯುವುದಿಲ್ಲ.

ವಿಜಾಪುರ

ಜುಮ್ಮಾ ಮಸೀದಿಯ ಹತ್ತಿರದ ಓಣಿಯಲ್ಲಿ ಹುಸೇನಮಾಮಾನ ಹೊಲಿಗೆ ಅಂಗಡಿ. ನನ್ನ ಮೊದಲ ಅಂಗಿಯಿಂದ ಮದುವೆಯ ಕೋಟಿನವರೆಗೆ ಎಲ್ಲವನ್ನೂ ಹೊಲಿದವನು ಅವನೇ. ಚಳಿದೇಶದ ಉದ್ದ ಉಣ್ಣೆಕೋಟನ್ನು ಅವನು ಕಣ್ಣಿನಿಂದ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ಇಬ್ಬರೂ ಸೇರಿ ಅದನ್ನು ಊಹಿಸಿದೆವು.

“ಥಂಡಿ ಎಷ್ಟ ಇರತೈತಿ ಮಾಸ್ತರ?”

“ನೀರು ಗಟ್ಟಿಯಾಗಿ ಕಲ್ಲ ಆಗತಾವಂತ ಮಾಮಾ.”

“ಯಾ ಅಲ್ಲಾ! ಹಂಗಾರ ಕೈ ಹೊರಗ ತಗಿಯೂದ ಬ್ಯಾಡ. ಮೊಳಕೈತನಕ ಒಳಗ ಹೋಗುವಂಥಾ ಕಿಸೆ ಮಾಡತೀನಿ. ಕೋಟ ಹರದೀತು, ಕಿಸೆ ಹರಿಯೂದಿಲ್ಲ.”

ಅವನು ಆಡಿದಂತೆ ಮಾಡಿದ. ಕಿಸೆಯ ಬಾಯಿ ಎದೆಯ ಕೆಳಗೆ, ತಳ ಮೊಳಕಾಲಿನ ಹತ್ತಿರ. ಅವ್ವ ಕೋಟನ್ನು ನೋಡಿ ಬಹಳ ಮೆಚ್ಚಿದಳು. ಎರಡೂ ಕಿಸೆಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ತುಂಬಿದಳು. ನಾನು ವಿಜಾಪುರದ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಎರಡೂ ಬದಿ ಹೇರು ಹೊತ್ತ ಕತ್ತೆಯಂತೆ ಕಾಣುತ್ತಿದ್ದೆನಂತೆ. ಇದು ಟಿಕೋಟಿ ಮಾವನ ಮಾತು. ನನಗೆ ನಾನು ಒಬ್ಬ ವಿದ್ವಾಂಸನಂತೆ ಕಂಡೆನೆಂದು ದಿನಚರಿಯಲ್ಲಿದೆ.

ಬಂದರು

ಹಾಲೆಂಡಿನ ನೆಲ ಮುಟ್ಟಿದ ಕೂಡಲೇ ಒಬ್ಬ ಅಧಿಕಾರಿ ನನ್ನ ಪಾಸ್‌ಪೋರ್ಟನ್ನೂ, ಇನ್ನೊಬ್ಬ ನನ್ನ ಕಿಸೆಗಳನ್ನೂ ತಪಾಸಣೆ ಮಾಡಿದರು. ಕಿಸೆಯವನು ಒಂದು ರೊಟ್ಟಿಯನ್ನು ಹೊರತೆಗೆದು ಬೆರಳಿನಿಂದ ಬಾರಿಸಿದ. ಅದು ಖಣ್ ಎಂದಿತು. ಅವನು ಅದನ್ನು ಪಕ್ಕದವನಿಗೆ ಕೊಟ್ಟ. ಪಕ್ಕದವನೂ ಬಾರಿಸಿದ. ತಿನ್ನುವ ವಸ್ತು ಎಂದು ನಾನು ಹೇಳಿದರೆ ಇಬ್ಬರೂ ನಂಬಲಿಲ್ಲ. ಕೊನೆಗೆ ಅವರ ಎದುರಿಗೆ ಒಂದು ರೊಟ್ಟಿಯನ್ನು ಪೂರ್ತಿ ಅಗಿದು ತೋರಿಸಬೇಕಾಯಿತು. ಹಿಂದೆ ಸಾಲಿನಲ್ಲಿ ನಿಂತವರು ತಾಳ್ಮೆಯಿಂದ ಕಾದರು. ಒಬ್ಬ ಮುದುಕಿ ಮಾತ್ರ ನನ್ನ ಹಲ್ಲುಗಳನ್ನು ನೋಡಿ ತಲೆದೂಗಿದಳು.

ಪಾಸ್‌ಪೋರ್ಟಿನವನ ಪ್ರಶ್ನೆಗಳು ಫೌಜದಾರರವೇ. ಯಾಕೆ ಬಂದಿರಿ? ಏನು ಓದುತ್ತೀರಿ? ಊಟಕ್ಕೇನು ಮಾಡುತ್ತೀರಿ? ಯಾವಾಗ ತಿರುಗಿ ಹೋಗುತ್ತೀರಿ? ನಮ್ಮ ಕಾಲೇಜಿನ ಪತ್ರ, ಹಾಲೆಂಡಿನ ಪ್ರೊಫೆಸರರೊಬ್ಬರ ಪತ್ರ ಎರಡನ್ನೂ ಓದಿ ಮೂರು ತಿಂಗಳ ಮುದ್ರೆ ಒತ್ತಿದ. ಅದರ ಕೆಳಗೆ ಒಂದು ಷರತ್ತು: ಓದಿಗೆ ಬಂದ ಪರದೇಶಿಯು ಕೂಲಿಯನ್ನಾಗಲಿ ಬೇರಾವ ಪ್ರತಿಫಲವನ್ನಾಗಲಿ ಪಡೆದು ಕೆಲಸ ಮಾಡಕೂಡದು, ಮಾಡಿದರೆ ಪರವಾನಗಿ ರದ್ದು.

ಕಾಲೇಜು ಮಾಸ್ತರನಿಗೆ ಕೆಲಸ ಮಾಡಬೇಡವೆಂದು ಬರೆದು ಹೇಳುವ ಅಗತ್ಯವೇನಿತ್ತೆಂದು ಟಿಕೋಟಿ ಮಾವ ಆಮೇಲೆ ಕೇಳಿದ. ಆ ದಿನ ನನಗೂ ಹಾಗೆಯೇ ಅನಿಸಿತ್ತು. ನಕ್ಕು ಪಾಸ್‌ಪೋರ್ಟನ್ನು ಕಿಸೆಯಲ್ಲಿ ಹಾಕಿಕೊಂಡೆ. ಅದನ್ನು ತಿರುಗಿ ತೆಗೆಯಲು ಕೋಟನ್ನೇ ಬಿಚ್ಚಬೇಕಾಯಿತು.

ಹೇಗ್ ಪಟ್ಟಣ

ಊರಿನ ಅಂಚಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ನನಗೆ ಕೋಣೆ ಸಿಕ್ಕಿತು. ಹೆಸರು ಅನ್ನಾ. ಹಿರಿಯಳಾದ ಹೆಂಗಸನ್ನು ಬರಿಯ ಹೆಸರಿನಿಂದ ಕರೆಯಲು ನನ್ನ ನಾಲಿಗೆ ಒಪ್ಪಲಿಲ್ಲ, ಅನ್ನಾಬಾಯಿ ಎಂದೆ. ಬಾಯಿ ಎಂದರೇನೆಂದು ಕೇಳಿದಳು. ಗೌರವ ಎಂದೆ. ಮರುದಿನ ಅಂಗಡಿಯಿಂದ ಬಂದವಳು ಅಲ್ಲಿಯೂ ಎಲ್ಲರೂ ತನ್ನನ್ನು ಹಾಗೆಯೇ ಕರೆಯಬೇಕೆಂದು ಹೇಳಿ ಬಂದಿರುವುದಾಗಿ ತಿಳಿಸಿದಳು.

ಮೊದಲ ಸಂಜೆ ಅವಳು ಕಾಫಿಯ ಜೊತೆ ಬಿಸ್ಕೀಟಿನ ಡಬ್ಬಿಯನ್ನು ಮುಂದೆ ಹಿಡಿದಳು. ನಾನು ಮರ್ಯಾದಸ್ಥರ ಮಗ, “ಬೇಡ” ಎಂದೆ. ಬಬಲೇಶ್ವರದಲ್ಲಿ ಮೊದಲ ಬೇಡಕ್ಕೆ ಅರ್ಥವಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಲ “ನಮ್ಮ ಮನ್ಯಾಗಿಂದು ಬಾಯಿಗೆ ಹತ್ತೂದಿಲ್ಲೇನ್ರಿ?” ಎಂದು ಸಿಟ್ಟು ಮಾಡಿದ ಮೇಲೆ ಕೈ ಚಾಚುವುದು. ಅನ್ನಾಬಾಯಿ ಡಬ್ಬಿಯ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟಳು. ಮರುದಿನವೂ ಹಾಗೆಯೇ ಆಯಿತು. ಆ ದೇಶದಲ್ಲಿ ಬೇಡ ಎಂದರೆ ಬೇಡ. ಹಸಿವು ನನಗೆ ಬೇಗ ಕಲಿಸಿತು: ಇಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲಕ್ಕೇ ಹೂಂ ಎನ್ನಬೇಕು. ಈ ಪಾಠವನ್ನು ನೆನಪಿನಲ್ಲಿಡಿ. ಮುಂದೆ ನನ್ನನ್ನು ಸಿಕ್ಕಿಸಿದ್ದು ಇದೇ.

ಅವರು ಕಿಟಕಿಯ ಪರದೆಗಳನ್ನೂ ಎಳೆಯುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಒಳಗೆ ಯಾರು ಏನು ಉಣ್ಣುತ್ತಿದ್ದಾರೆಂದು ಕಾಣುತ್ತದೆ. ಯಾರ ದೃಷ್ಟಿಯೂ ತಾಗುವುದಿಲ್ಲವೇ ಎಂದು ಕೇಳಬೇಕೆನಿಸಿತು. ನಾನಂತೂ ಕಡೆಯವರೆಗೂ ಕಿಟಕಿಗೆ ಬೆನ್ನು ಮಾಡಿಯೇ ಉಂಡೆ.

ಹಗಲೆಲ್ಲ ಹಳೆಯ ಕಾಗದಪತ್ರಗಳ ದಫ್ತರಖಾನೆಯಲ್ಲಿ ಕೂಡುತ್ತಿದ್ದೆ. ಹಳೆಯ ಡಚ್ ಬರವಣಿಗೆ ಕೋಳಿ ಕೆದರಿದ ಅಂಗಳದಂತೆ. ಆದರೂ ಸ್ವಲ್ಪ ಸ್ವಲ್ಪವಾಗಿ ಒಬ್ಬ ಮನುಷ್ಯ ಅದರೊಳಗಿಂದ ಎದ್ದು ಬಂದ: ಆದಿಲಶಾಹನಿಂದ ವ್ಯಾಪಾರದ ಪರವಾನಗಿ ಪಡೆಯಲು ವಿಜಾಪುರಕ್ಕೆ ಬಂದು, ಇಂದು ನಾಳೆ ಎನ್ನಿಸಿಕೊಂಡು ದರ್ಬಾರದ ಹೊರಗೆ ಕಾಯುತ್ತಿದ್ದ ಒಬ್ಬ ಡಚ್ ವ್ಯಾಪಾರಿ. ಬಿಸಿಲು, ನೊಣ, ಕಾಯಿಸುವ ಕಾರಕೂನರು ಎಲ್ಲರ ಮೇಲೂ ಅವನಿಗೆ ಸಿಟ್ಟು. ಆ ಕಾರಕೂನರ ಪರವಾಗಿ ನಾನು ಮನಸ್ಸಿನಲ್ಲೇ ವಾದ ಮಾಡಿದೆ. ಕಾಗದದ ಕಟ್ಟುಗಳು ಬಹಳ ಇದ್ದವು. ಊರಿನ ಬೀದಿ, ಪೇಟೆ, ಬಾವಿಗಳ ವರ್ಣನೆಯ ಕಟ್ಟಿಗೆ ನಾನಿನ್ನೂ ಕೈ ಹಚ್ಚಿರಲಿಲ್ಲ. ನಾನು ಬಂದದ್ದೇ ಅದಕ್ಕಾಗಿ. ಮೂರು ತಿಂಗಳಲ್ಲಿ ಅದು ಮುಗಿಯುವಂತಿರಲಿಲ್ಲ. ಜನವರಿಯ ಕೊನೆಯವರೆಗಾದರೂ ಇರಬೇಕಿತ್ತು. ಅದಕ್ಕೆ ಪರದೇಶಿಗಳ ಕಚೇರಿಗೆ ಹೋಗಿ ಮುದ್ದತ್ತು ಹೆಚ್ಚಿಸಿಕೊಳ್ಳಬೇಕು. ಆ ದಿನಗಳಲ್ಲಿ ಡಚ್ಚರ ಆಳ್ವಿಕೆಯ ವಿರುದ್ಧ ಎದ್ದ ಜಾವಾದವರ ಪರ ನಮ್ಮವರು ನಿಂತ ಜಗಳದಿಂದ ಅವರ ದೇಶಕ್ಕೂ ನಮ್ಮ ದೇಶಕ್ಕೂ ಅಷ್ಟಕ್ಕಷ್ಟೆ. ಹಿಂದುಸ್ತಾನದವನು ತಪ್ಪು ಮಾಡದೆ ಇರುವುದು ಒಳ್ಳೆಯದೆಂದು ಪ್ರೊಫೆಸರರು ಮೆಲ್ಲಗೆ ಹೇಳಿದ್ದರು.

ಕ್ಲಾಸನ ಹೊಲ

ಅನ್ನಾಬಾಯಿಯ ತಮ್ಮ ಕ್ಲಾಸ್ ಒಕ್ಕಲಿಗ. ಒಂದು ಶನಿವಾರ ಅಕ್ಕ ತಮ್ಮನ ಹೊಲಕ್ಕೆ ಹೊರಟಾಗ ನನ್ನನ್ನೂ ಕರೆದಳು; ಕಾಗದದ ದೂಳು ಕುಡಿದು ನನ್ನ ಮುಖ ಬೂದಿಯಾಗಿದೆಯಂತೆ.

ದಿನಚರಿಯಲ್ಲಿ ಆ ದಿನ ಮೋಡವಿತ್ತೆಂದು ಇದೆ. ನನ್ನ ನೆನಪಿನಲ್ಲಿ ಬಿಸಿಲಿದೆ. ಯಾವುದನ್ನು ನಂಬಲಿ? ದಿನಚರಿಯನ್ನೇ ನಂಬುತ್ತೇನೆ, ಏಕೆಂದರೆ ಮಳೆ ಬರುವುದರೊಳಗೆ ಬಟಾಟಿ ಒಳಗೆ ಸೇರಬೇಕೆಂದು ಎಲ್ಲರೂ ಅವಸರ ಮಾಡುತ್ತಿದ್ದುದು ನೆನಪಿದೆ. ಬಿಸಿಲು ನನ್ನ ಮನಸ್ಸು ಆಮೇಲೆ ಹಾಕಿಕೊಂಡದ್ದಿರಬೇಕು.

ಕ್ಲಾಸ್ ಮುಳ್ಳುಗುದ್ದಲಿಯಿಂದ ನೆಲ ಎಬ್ಬಿಸುತ್ತಿದ್ದ. ಅವನ ಹೆಂಡತಿ, ಅಕ್ಕ, ನೆರೆಯ ಇಬ್ಬರು ಬಗ್ಗಿ ಬಟಾಟಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ನನಗೆ ಬದುವಿನ ಮೇಲೆ ಒಂದು ಸ್ಟೂಲು ಹಾಕಿದ್ದರು. ನಾನು ಅತಿಥಿ, ವಿದ್ವಾಂಸ. ಸ್ವಲ್ಪ ಹೊತ್ತು ಕುಳಿತೆ. ನಮ್ಮೂರಲ್ಲಿ ಸುಗ್ಗಿಯ ಹೊಲದ ಬದುವಿಗೆ ಕುಳಿತು ನೋಡುವವರು ಇಬ್ಬರೇ: ಸತ್ತವರ ಸುದ್ದಿ ತಂದವನು ಮತ್ತು ಸಾಲ ವಸೂಲಿಗೆ ಬಂದವನು. ನಾನು ಎರಡೂ ಅಲ್ಲ. ಕೋಟು ಕಳಚಿ ಸ್ಟೂಲಿನ ಮೇಲಿಟ್ಟು ಸಾಲಿಗೆ ಇಳಿದೆ.

ವಿಜಾಪುರದ ಕಡೆ ಬಿಳಿಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತೇವೆ. ನಮ್ಮ ಕಪ್ಪು ಎರಿಮಣ್ಣು ಒಣಗಿ ಬಿರಿದು ಬೇರನ್ನು ಹಲ್ಲು ಕಚ್ಚಿ ಹಿಡಿದಿರುತ್ತದೆ. ಅದರೊಡನೆ ಬೆಳೆದ ಸೊಂಟಕ್ಕೆ ಹಾಲೆಂಡಿನ ಸಡಿಲು ಮಣ್ಣಿನಿಂದ ಬಟಾಟಿ ಆರಿಸುವುದು ಆಟ. ಅಂಗೈ ಮಾತ್ರ ಮಾಸ್ತರನದಾಗಿಬಿಟ್ಟಿತ್ತು, ಬೊಕ್ಕೆ ಎದ್ದಿತು. ಕ್ಲಾಸ್ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದ. ಅವನು ಮಾತಿನ ಮನುಷ್ಯನಲ್ಲ. ಆದರೆ ನನ್ನ ಪಕ್ಕದ ಬುಟ್ಟಿ ತುಂಬಿದಾಗ ತಾನೇ ಬಂದು ಎತ್ತಿಕೊಂಡು ಹೋದ.

ಸಂಜೆ ಕೋಟು ಹಾಕಿಕೊಳ್ಳುವಾಗ ಕ್ಲಾಸ್ ಎರಡೂ ಕೈ ತುಂಬ ಬಟಾಟಿ ಹಿಡಿದು ಮುಂದೆ ಬಂದ. ಬಿಸ್ಕೀಟಿನ ಪಾಠ ಕಲಿತ ನಾನು ಮೊದಲ ಸಲಕ್ಕೇ ಹೂಂ ಎಂದೆ. ನಮ್ಮಲ್ಲೂ ಸುಗ್ಗಿಯ ಹೊಲದಿಂದ ಬರಿಗೈಲಿ ಯಾರನ್ನೂ ಕಳಿಸುವುದಿಲ್ಲವಷ್ಟೆ. ಅವನು ನನ್ನ ಕಿಸೆಗಳಲ್ಲಿ ಹಾಕಿದ. ಇನ್ನೂ ಜಾಗವಿತ್ತು. ಮತ್ತೆ ತಂದು ಹಾಕಿದ. ಇನ್ನೂ ಜಾಗವಿತ್ತು. ಕ್ಲಾಸನ ಮುಖದಲ್ಲಿ ಮೊದಲ ಸಲ ಆಶ್ಚರ್ಯ ಕಂಡಿತು. ಹುಸೇನಮಾಮಾ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದನೋ!

ಮನೆಗೆ ಬಂದು ಅನ್ನಾಬಾಯಿಯ ಅಡಿಗೆಮನೆಯಲ್ಲಿ ಕಿಸೆ ಖಾಲಿ ಮಾಡಿದೆ. ಮಾಡಿದೆನೆಂದು ತಿಳಿದುಕೊಂಡೆ.

ಪರದೇಶಿಗಳ ಕಚೇರಿ

ಸೋಮವಾರ ಮುದ್ದತ್ತಿನ ಅರ್ಜಿ ಹಿಡಿದು ಕಚೇರಿಗೆ ಹೋದೆ. ಅಧಿಕಾರಿ ತೆಳ್ಳಗಿನ, ಕನ್ನಡಕದ, ಬಹಳ ಸಭ್ಯ ಮನುಷ್ಯ. ಇಂಗ್ಲಿಷಿನಲ್ಲಿ ಮಾತಾಡಿದ. ಪ್ರೊಫೆಸರರ ಪತ್ರ ಓದಿದ, ದಫ್ತರಖಾನೆಯ ಪತ್ರ ಓದಿದ, ಎಲ್ಲವೂ ಸರಿಯಾಗಿದೆ ಎಂದ. ಮುದ್ರೆಯನ್ನು ಕೈಗೆ ತೆಗೆದುಕೊಂಡವನು, ಒಲೆ ಚೆನ್ನಾಗಿ ಉರಿಯುತ್ತಿದೆ, ತಾವು ಕೋಟನ್ನು ಗೂಟಕ್ಕೆ ಹಾಕಬಹುದು ಎಂದ.

ಬೇಡ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೂಂ ಎಂದೆ.

ಹುಸೇನಮಾಮಾನ ಕೋಟಿನ ಭಾರವನ್ನು ಆ ಗೂಟ ತಾಳಲಿಲ್ಲ. ಕೋಟು ತಲೆಕೆಳಗಾಗಿ ಬಿತ್ತು, ಮೊಳಕೈಗೂ ಆಚೆಗಿನ ಆಳದಿಂದ ಬಟಾಟಿಗಳು ಹೊರಟು ಅಧಿಕಾರಿಯ ಮೇಜಿನ ಕಡೆಗೆ ಉರುಳಿದವು. ದಿನಚರಿಯಲ್ಲಿ ‘ನಾಲ್ಕೈದು’ ಎಂದಿದೆ. ನನ್ನ ನೆನಪಿನಲ್ಲಿ ಕೋಣೆಯ ನೆಲವೆಲ್ಲ ಬಟಾಟಿಯೇ.

ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. “ಮಣ್ಣು ಇನ್ನೂ ಹಸಿ ಇದೆ. ಅಂಗಡಿಯದಲ್ಲ.”

“ಅಲ್ಲ.”

“ಕೊಂಡದ್ದಲ್ಲವೆ?”

“ಅಲ್ಲ. ಒಬ್ಬರ ಹೊಲದಲ್ಲಿ ಒಂದು ದಿನ ಕೈಜೋಡಿಸಿದೆ. ಬರುವಾಗ ಕೊಟ್ಟರು.”

ಅವನು ಮುದ್ರೆಯನ್ನು ಮೆಲ್ಲಗೆ ಅದರ ಡಬ್ಬಿಯಲ್ಲಿಟ್ಟ. ಬಿಸ್ಕೀಟಿನ ಡಬ್ಬಿಯ ಮುಚ್ಚಳ ಬಿದ್ದಂತಾಯಿತು. “ಇದು ಪ್ರತಿಫಲ,” ಎಂದ.

ಅವನು ಸಭ್ಯನೆಂದು ಮೊದಲೇ ಹೇಳಿದೆ. ನನ್ನ ಮುಖ ನೋಡಿ ತಾನೇ ದಾರಿ ತೋರಿಸಿದ. ಬಟಾಟಿಯನ್ನು ತಿರುಗಿ ಕೊಟ್ಟುಬಿಡಿ. ‘ಯಾವ ಪ್ರತಿಫಲವನ್ನೂ ಬಯಸದೆ ಸುಮ್ಮನೆ ದುಡಿದೆ’ ಎಂದು ಹೇಳಿಬಿಡಿ. ಅಲ್ಲಿಗೆ ಮುಗಿಯಿತು.

ಹೇಳಬಹುದಿತ್ತು. ಬುದ್ಧಿವಂತನಾಗಿದ್ದರೆ ಹೇಳುತ್ತಿದ್ದೆ. ಆದರೆ ನಮ್ಮಲ್ಲಿ ಇನ್ನೊಬ್ಬನ ಹೊಲದಲ್ಲಿ ಸುಮ್ಮನೆ ದುಡಿಯುವುದಕ್ಕೆ ಬಿಟ್ಟಿ ಎನ್ನುತ್ತಾರೆ. ಗೌಡರ ಹೊಲದಲ್ಲಿ ಬಿಟ್ಟಿ ದುಡಿಯುವುದಿಲ್ಲವೆಂದು ನಮ್ಮಜ್ಜ ಊರೆದುರು ಹೇಳಿ, ಅದಕ್ಕಾಗಿ ಪಡಬಾರದ್ದು ಪಟ್ಟವನು. ಅವನ ಮೊಮ್ಮಗ ಹಾಲೆಂಡಿಗೆ ಬಂದು ನಾನು ಬಿಟ್ಟಿ ಮಾಡಿದೆ ಎಂದು ಬರೆದುಕೊಡುವುದೆ? ಅದೂ ಅಲ್ಲದೆ, ಕ್ಲಾಸ್ ಬಿಟ್ಟಿ ಮಾಡಿಸಿಕೊಂಡ ಎಂದು ಹೇಳಿದಂತಾಗುವುದಿಲ್ಲವೆ? ಬುಟ್ಟಿಯನ್ನು ತಾನೇ ಬಂದು ಎತ್ತಿಕೊಂಡ ಮನುಷ್ಯ ಅವನು.

“ಸುಮ್ಮನೆ ದುಡಿಯಲಿಲ್ಲ,” ಎಂದೆ. “ಮುಯ್ಯಿ ಮಾಡಿದೆ.”

ಮುಂದಿನ ಮುಕ್ಕಾಲು ಗಂಟೆ ಆ ಸಭ್ಯ ಮನುಷ್ಯನಿಗೆ ಮುಯ್ಯಿಯನ್ನು ತಿಳಿಸಿ ಹೇಳಿದೆ. ತರಗತಿಯಲ್ಲಿ ನಾನು ಇಷ್ಟು ಚೆನ್ನಾಗಿ ಪಾಠ ಹೇಳಿದ್ದು ನೆನಪಿಲ್ಲ. ಆ ಪಾಠದಲ್ಲಿ ಟಿಕೋಟಿ ಮಾವ ಬಂದ, ಅವ್ವ ಬಂದಳು, ಜೈನಾಪುರದ ಬೀಗರು ಬಂದರು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡ. ಕೊನೆಗೆ ಲೇಖಣಿ ಇಟ್ಟು, ಬಹಳ ದುಃಖದಿಂದ, “ಹಾಗಾದರೆ ಇದು ಬಟಾಟಿಗಿಂತ ದೊಡ್ಡ ಪ್ರತಿಫಲ. ಒಬ್ಬ ಡಚ್ ಒಕ್ಕಲಿಗನ ಇಡೀ ಒಂದು ದಿನ,” ಎಂದ.

ಗುರುವಾರ ಕ್ಲಾಸನನ್ನು ಕರೆದುಕೊಂಡು ಬರಬೇಕೆಂದು ಅಪ್ಪಣೆಯಾಯಿತು.

ನಡುವಿನ ದಿನಗಳಲ್ಲಿ ದಫ್ತರಖಾನೆಗೆ ಹೋದರೂ ಒಂದಕ್ಷರ ಓದಲಾಗಲಿಲ್ಲ. ವಿಜಾಪುರದ ಬೀದಿಗಳ ಕಟ್ಟು ಕಪಾಟಿನಲ್ಲೇ ಇತ್ತು, ದಾರ ಬಿಚ್ಚದೆ. ಅದನ್ನು ನೋಡದೆ ಊರಿಗೆ ಹೋದರೆ ಏನೆಂದು ಹೇಳಲಿ? ಕಾಲೇಜು ಒಮ್ಮೆ ಕೊಟ್ಟ ರಜೆಯನ್ನು ಇನ್ನೊಮ್ಮೆ ಕೊಡುವುದಿಲ್ಲ. ‘ಮಾಸ್ತರ ಬಟಾಟಿ ಸಲುವಾಗಿ ಗಡೀಪಾರ ಆದ’ ಎಂದು ಟಿಕೋಟಿ ಸಂತೆಯಲ್ಲಿ ಮಾವನೇ ಡಂಗುರ ಹೊಡೆದಾನು. ಅನ್ನಾಬಾಯಿ ಮಾತ್ರ ನನ್ನನ್ನು ಬಿಟ್ಟು ತಮ್ಮನನ್ನು ಬೈದಳು. ಆ ಮನೆಯಲ್ಲಿ ಕಾಫಿಯ ಜೊತೆ ಒಂದೇ ಬಿಸ್ಕೀಟಿನ ರೂಢಿ; ಆ ಸಂಜೆ ಎರಡನೆಯದನ್ನೂ ಕೊಟ್ಟಳು. ಪರಿಸ್ಥಿತಿ ಎಷ್ಟು ಕೆಟ್ಟಿದೆಯೆಂದು ಆಗ ನನಗೆ ಗೊತ್ತಾಯಿತು.

ಗುರುವಾರ

ಕ್ಲಾಸ್ ಚರ್ಚಿಗೆ ಹೋಗುವ ಕರಿ ಸೂಟು ಹಾಕಿಕೊಂಡು ಬಂದಿದ್ದ. ಅವನು ಆಡಿದ್ದು ಡಚ್; ನನಗೆ ಅರೆಬರೆ ತಿಳಿಯುತ್ತಿತ್ತು. ಆದರೆ ಅವನ ಮಾತಿನ ಗತ್ತು ನಮ್ಮ ಕಡೆಯ ಒಕ್ಕಲಿಗರದೇ ಆದ್ದರಿಂದ ನಮ್ಮ ಮಾತಿನಲ್ಲಿಯೇ ಬರೆಯುತ್ತೇನೆ. ಅನುವಾದ ನನ್ನದು. ತಪ್ಪಿದ್ದರೆ ಅದೂ ನನ್ನದೇ.

“ಈತನಿಗೆ ಕೂಲಿ ಕೊಟ್ಟೆಯಾ?” ಅಧಿಕಾರಿ ಕೇಳಿದ.

“ಇಲ್ಲ.”

“ಮತ್ತೆ ಬಟಾಟಿ ಯಾಕೆ ಕೊಟ್ಟೆ?”

“ಕಿಸೆ ಖಾಲಿ ಇತ್ತು.”

ಅಧಿಕಾರಿ ನನ್ನ ಕೋಟನ್ನು ನೋಡಿದ. ಈ ಸಲ ಅದು ನನ್ನ ತೊಡೆಯ ಮೇಲಿತ್ತು. “ಈತ ಮುಯ್ಯಿ ಎಂಬುದನ್ನು ಮಾಡಿದೆನೆಂದು ಹೇಳುತ್ತಾನೆ. ನಿನಗೆ ಗೊತ್ತೆ?”

“ಅದೇನದು?”

ಆಗ ಆ ಅಧಿಕಾರಿ ಮುಯ್ಯಿಯನ್ನು ವಿವರಿಸಿದ, ಟಿಕೋಟಿ ಮಾವನ ಸಮೇತ. ನನಗಿಂತ ಚುಟುಕಾಗಿ, ನನಗಿಂತ ಚೆನ್ನಾಗಿ. ಕ್ಲಾಸ್ ಟೊಪ್ಪಿಗೆಯನ್ನು ಮೊಳಕಾಲಿನ ಮೇಲೆ ತಿರುಗಿಸುತ್ತ ಕೇಳಿದ.

“ಹಂಗಾರ ನಾ ಒಂದ ದಿನ ಇವನ ಹೊಲಕ್ಕ ಹೋಗಬೇಕು.”

“ಹೌದು.”

“ಎಲ್ಲೈತಿ?”

“ಹಿಂದುಸ್ತಾನದಲ್ಲಿ.”

ಕ್ಲಾಸ್ ಯೋಚಿಸಿದ. ಆಮೇಲೆ ನನ್ನ ಕಡೆ ತಿರುಗಿದ. “ನಿಮ್ಮ ಸುಗ್ಗಿ ಯಾವಾಗ?”

“ಫೆಬ್ರುವರಿಯಲ್ಲಿ,” ಎಂದೆ.

“ಆವಾಗ ನನ್ನ ಹೊಲಾ ಹೆಪ್ಪಗಟ್ಟಿರತೈತಿ. ಕೆಲಸ ಇರೂದಿಲ್ಲ. ಬರತೀನಿ.”

ಅಧಿಕಾರಿ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಅವನ ಮುಂದಿನ ತರ್ಕವನ್ನು ಅಲ್ಲಿಯೇ ಕುಳಿತು ಬರೆದುಕೊಂಡೆ, ಆದ್ದರಿಂದ ಇದರಲ್ಲಿ ನೆನಪಿನ ಕೈವಾಡವಿಲ್ಲ. ಷರತ್ತು ಇರುವುದು ಪ್ರತಿಫಲವನ್ನು ‘ಪಡೆದು’ ಕೆಲಸ ಮಾಡಬಾರದೆಂದು. ಬಟಾಟಿ ಪಡೆದದ್ದು ನಿಜ. ಅದು ಈಗಲೇ ಹಿಂದಕ್ಕೆ ಹೋಗಬೇಕು. ಕ್ಲಾಸನ ದಿನವನ್ನು ಈತ ಇನ್ನೂ ಪಡೆದಿಲ್ಲ. ಪಡೆಯದ ಪ್ರತಿಫಲ ಪ್ರತಿಫಲವಲ್ಲ. ಆದಕಾರಣ, ಕ್ಲಾಸ್ ಮುಯ್ಯಿ ತೀರಿಸುವವರೆಗೆ ಈತ ನಿರ್ದೋಷಿ.

“ತೀರಿಸಿದ ಮೇಲೆ?” ಎಂದು ಕೇಳಿದೆ. ಕೇಳಬಾರದಿತ್ತು, ಮಾಸ್ತರನ ಚಾಳಿ.

“ತೀರಿಸಿದ ಮೇಲೆ ಷರತ್ತು ಮುರಿದಂತಾಗುತ್ತದೆ,” ಎಂದ ಅವನು ಗಂಭೀರವಾಗಿ. “ಆದರೆ ಆಗ ತಾವು ತಮ್ಮ ದೇಶದಲ್ಲಿರುತ್ತೀರಿ. ನಾನು ಅಲ್ಲಿಗೆ ಬಂದು ತಮ್ಮನ್ನು ಹೊರಹಾಕಲಾರೆ.” ಆಗ ಅವನು ನಕ್ಕನೆಂದು ಈಗ ನೆನಪಾಗುತ್ತದೆ. ದಿನಚರಿಯಲ್ಲಿ ನಕ್ಕನೆಂದು ಇಲ್ಲ.

ನಾನು ತೊಳೆದು ತಂದಿದ್ದ ಬಟಾಟಿಗಳನ್ನು ಅಧಿಕಾರಿಯ ಎದುರಿಗೆ ಕ್ಲಾಸನ ಕೈಗೆ ಕೊಟ್ಟೆ. ಅವನ ಚರ್ಚಿನ ಸೂಟಿನ ಕಿಸೆಗಳು ಸಣ್ಣವು, ಟೊಪ್ಪಿಗೆಯಲ್ಲಿ ಹಾಕಿಕೊಂಡ. ಮುದ್ರೆ ಡಬ್ಬಿಯಿಂದ ಹೊರಗೆ ಬಂತು. ಜನವರಿಯ ಕೊನೆಯವರೆಗೆ.

ಆ ಕಟ್ಟನ್ನು ಓದಿದೆ. ವ್ಯಾಪಾರಿಗೂ ಕೊನೆಗೆ ಪರವಾನಗಿ ಸಿಕ್ಕಿತ್ತು. ಷರತ್ತುಗಳ ಬಗ್ಗೆ ಅವನು ಗೊಣಗಿದ್ದಾನೆ. ಅವನ ಕಣ್ಣಿನಿಂದ ನೋಡಿದ ವಿಜಾಪುರದ ಬೀದಿಗಳ ಸುದ್ದಿ ಬೇರೆ ಪುಸ್ತಕದ ಮಾತು. ಹೊರಡುವ ದಿನ ಕ್ಲಾಸ್ ಸ್ಟೇಷನ್ನಿಗೆ ಬಂದ. ಎಲ್ಲ ಕಡೆ ಮಂಜು. ಕೈ ಕುಲುಕಿದ. “ಜೋಳ ಎರಡೂ ಕೈಲೇ ಕೀಳೂದೋ, ಒಂದೇ ಕೈಲೆಯೋ?” ಎಂದು ಕೇಳಿದ. ಎರಡೂ ಕೈಲಿ ಎಂದೆ. ತಲೆಯಾಡಿಸಿ ಹೋದ.

ಮತ್ತೆ ಬಬಲೇಶ್ವರ

ಅವ್ವ ಎಲ್ಲವನ್ನೂ ಕೇಳಿದಳು. ಹಡಗು, ಹಿಮ, ಸಮುದ್ರಕ್ಕಿಂತ ಕೆಳಗಿರುವ ನೆಲ, ಯಾವುದಕ್ಕೂ ಅವಳ ಹುಬ್ಬು ಏರಲಿಲ್ಲ. ಕ್ಲಾಸನ ಮಾತು ಬಂದಾಗ ಮಾತ್ರ ರೊಟ್ಟಿ ಬಡಿಯುವ ಕೈ ನಿಂತಿತು.

“ಗುರಪ್ಪಾ, ಒಂದ ದಿನದ ಮುಯ್ಯಿ ಅವನ ಮ್ಯಾಲ ಬಿಟ್ಟ ಬಂದೀಯಾ?”

“ಹೂಂಬೇ.”

“ಬರತೀನಿ ಅಂದಾನ?”

“ಅಂದಾನ.”

“ಹಂಗಾರ ಹೇಳಿ ಕಳಸು. ಜೋಳ ನಿಂತೈತಿ. ಅವನ ಮೈಮ್ಯಾಲ ಋಣ ಯಾಕ ಬಿಡೂದು, ಪಾಪ.”

ಅವಳ ಒತ್ತಾಯಕ್ಕೆ ವಿಜಾಪುರಕ್ಕೆ ಹೋಗಿ ಅದೇ ಫೌಜದಾರರನ್ನು ಕಂಡೆ. ಪರದೇಶಿಯೊಬ್ಬ ನಮ್ಮ ಹೊಲದಲ್ಲಿ ಒಂದು ದಿನ ದುಡಿಯಲು ಬಂದರೆ ಕಾಯಿದೆ ಏನು ಹೇಳುತ್ತದೆ?

“ಯಾಕ ಬರ್ತಾನ? ಎಷ್ಟ ದಿನಾ ಇರ್ತಾನ? ಕೂಲಿ ಏನು? ಯಾವಾಗ ತಿರುಗಿ ಹೋಗ್ತಾನ?” ಎಂದರು ಒಂದೇ ಉಸಿರಿನಲ್ಲಿ.

“ಕೂಲಿ ಇಲ್ರಿ. ಮುಯ್ಯಿ.”

ಅವರು ನಿಡೋಣಿಯ ಒಕ್ಕಲಿಗರ ಮನೆಯವರು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಮುಯ್ಯಿ ನನಗ ಗೊತ್ತೈತಿ ಮಾಸ್ತರ. ನಮ್ಮ ಸರಕಾರದ ಕಾಗದಕ್ಕ ಗೊತ್ತಿಲ್ಲಲ್ಲ! ದಿಲ್ಲಿಗಿ ಬರೀಬೇಕು. ಹಾಲೆಂಡದ ಒಕ್ಕಲಿಗ ಜೋಳ ಕೀಳಾಕ ಬರ್ತಾನಂದ್ರ, ಜಾವಾದ ಈ ಗದ್ದಲದಾಗ ನನ್ನ ನೌಕರಿ ಉಳಿದೀತೇನು?”

ಅವ್ವನಿಗೆ ಹೇಳಿದೆ. “ನಮ್ಮ ಹೊಲಕ್ಕ ಬರಾಕ ದಿಲ್ಲಿಯವರನ್ನ ಯಾಕ ಕೇಳಬೇಕು? ದಿಲ್ಲಿಯವರು ಯಾವಾಗರ ಜೋಳ ಕೀಳಾಕ ಬಂದಾರೇನು?” ಎಂದಳು. ಆದರೂ ದಿಲ್ಲಿಗೆ ಅರ್ಜಿ ಬರೆದೆ. ಕ್ಲಾಸನಿಗೂ ಬರೆದೆ.

ಸುಗ್ಗಿ ಬಂತು. ಟಿಕೋಟಿ ಮಾವ ಬಂದ. “ಏನೋ ಗುರಪ್ಪಾ, ನಿನ್ನ ಬಿಳಿ ಮುಯ್ಯಾಳ ಎಲ್ಲಿ? ಹಾದಿ ತಪ್ಪಿ ಕಳ್ಳಕವಟಗಿ ಕಡೆ ಹ್ವಾದ್ನೇನು?” ಎಂದು ಬೆಳಗಿನಿಂದ ಬೈಗಿನವರೆಗೆ ಕಾಡಿದ. ಹೊಲವೆಲ್ಲ ಕಿತ್ತಾಯಿತು. ಸಂಜೆ ಲೆಕ್ಕ ನೋಡಿದರೆ, ನಿಡೋಣಿಯ ದಾರಿಯ ಬದಿಗೆ ಒಂದು ಸಾಲು ಹಾಗೆಯೇ ನಿಂತಿತ್ತು. ಯಾರೋ ಮರೆತು ಬಿಟ್ಟಿದ್ದಾರೆಂದು ತಿಳಿದು ಮಾವ ಕೈ ಹಾಕಲು ಹೋದ. ಅವ್ವ ಗದರಿದಳು.

“ಮುಟ್ಟಬ್ಯಾಡ ಯಣ್ಣಾ. ಅದು ಅವನ ಸಾಲು.”

ಇದನ್ನು ಬರೆಯುವಾಗಲೂ ಆ ಸಾಲು ನಿಂತಿದೆ. ಗಿಳಿ, ಗುಬ್ಬಿ ಅರ್ಧ ತಿಂದಿವೆ. ದಾರಿಹೋಕರು ಯಾರ ಸಾಲೆಂದು ಕೇಳುತ್ತಾರೆ, ಅವ್ವ ಹೇಳುತ್ತಾಳೆ. ಈಗ ಸುತ್ತಲಿನವರಿಗೆ ಅದು ಹಾಲೆಂಡದವನ ಸಾಲು. ದಿಲ್ಲಿಯಿಂದ ಉತ್ತರವಿಲ್ಲ. ಕ್ಲಾಸನಿಂದ ಒಂದು ಕಾರ್ಡು ಬಂದಿದೆ: ಈ ವರ್ಷ ಪರವಾನಗಿ ಸಿಗದಿದ್ದರೆ ಬರುವ ಚಳಿಗಾಲಕ್ಕೆ ಮತ್ತೆ ಕೇಳುತ್ತಾನಂತೆ.

ಬರುವ ವರ್ಷವೂ ಅವ್ವ ಒಂದು ಸಾಲು ಬಿಡುತ್ತಾಳೆ. ನನಗೆ ಗೊತ್ತು. ಕ್ಲಾಸ್ ಬಂದು ಎರಡೂ ಕೈಲಿ ಅದನ್ನು ಕಿತ್ತ ಕ್ಷಣವೇ ನಾನು ಹಾಲೆಂಡಿನ ಕಾಯಿದೆ ಮುರಿದವನಾಗುತ್ತೇನೆ.

ಬರಲಿ.